ಕಳೆಯ ಒಳಗೇ ತಯಾರಾಗುವ ವಿಷ

ಕುದುರೆ ಮಸಾಲೆ ಬಿತ್ತಿದ ಹೊಲದಲ್ಲಿ ಮೊದಲ ಒಂದೂವರೆ ತಿಂಗಳು ಕಳೆಯದೇ ಕಾರುಬಾರು. ರಾಗಿ ಕಾಳಿನಷ್ಟು ಸಣ್ಣ ಬೀಜ. ಮೊಳೆತ ಸಸಿ ಮೊದಲು ಬೇರು ಇಳಿಸುವುದರಲ್ಲೇ ಇರುತ್ತದೆ. ಅಷ್ಟರಲ್ಲಿ ಕಾಡು ದಂಟು ಮೊಣಕಾಲೆತ್ತರ ಬೆಳೆದು ನೆರಳು ಕವಿಸಿರುತ್ತದೆ. ಒಮ್ಮೆ ಬಿತ್ತಿ ಮೂರು ನಾಲ್ಕು ವರ್ಷ ಕೊಯ್ಯುವ ಮೇವು ಇದು. ಮುಂದೆ ತೆರಪು ಬಿದ್ದಲ್ಲಿ ಮತ್ತೆ ಬಿತ್ತೋಣವೆಂದರೆ, ಬಲಿತ ಗಿಡಗಳು ಮಣ್ಣಿಗೆ ಬಿಡುವ ರಾಸಾಯನಿಕಗಳು ಹೊಸ ಸಸಿಯನ್ನು ಏಳಗೊಡುವುದಿಲ್ಲ.

ನಮ್ಮಲ್ಲಿ ನಾಲ್ಕಾರು ಗುಂಟೆ ಮೇವಿನ ಮಡಿಯನ್ನು ಕೂತು ಕೈಯಲ್ಲೇ ಹಸನು ಮಾಡಬಹುದು. ಅಮೆರಿಕದ ನೂರಾರು ಎಕರೆ ಹೊಲಗಳಲ್ಲಿ ಅದು ಆಗುವ ಮಾತಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂತು. ಗೋಧಿ, ಮೆಕ್ಕೆಜೋಳದಂಥ ಹುಲ್ಲು ಜಾತಿಯ ಬೆಳೆಗಳನ್ನು ಉಳಿಸಿ, ಅಗಲ ಎಲೆಯ ಕಳೆಗಳನ್ನು ಕೊಲ್ಲುವುದು ಅದರ ಗುಣ. ಆದರೆ ಕುದುರೆ ಮಸಾಲೆಯೂ ಅಗಲ ಎಲೆಯದೇ. ಕಳೆಯ ಜತೆ ಬೆಳೆಯೂ ಮುರುಟಿ ಸಾಯುತ್ತಿತ್ತು.

ಇದಕ್ಕೆ ದಾರಿ ಸಿಕ್ಕಿದ್ದು ನಾಯಿಗಳ ಮೇಲೆ ನಡೆದಿದ್ದ ಒಂದು ಹಳೆಯ ಪ್ರಯೋಗದ ಬೆಳಕಿನಲ್ಲಿ. ಜರ್ಮನಿಯ ಫ್ರಾನ್ಜ್ ಕ್ನೂಪ್, ದೇಹ ಅರಗಿಸಲಾಗದ ಬೆಂಜೀನ್ ಉಂಗುರವನ್ನು ಕೊಬ್ಬಿನಾಮ್ಲಗಳ ಬಾಲಕ್ಕೆ ಗುರುತಿನ ಚೀಟಿಯಂತೆ ಜೋಡಿಸಿ ನಾಯಿಗಳಿಗೆ ತಿನ್ನಿಸಿದ. ಮೂತ್ರದಲ್ಲಿ ಹೊರಬಂದ ತುಣುಕುಗಳನ್ನು ನೋಡಿ, ಜೀವಕೋಶ ಈ ಆಮ್ಲಗಳ ಸರಪಳಿಯನ್ನು ಎರಡೆರಡು ಇಂಗಾಲದಂತೆ ಕತ್ತರಿಸುತ್ತದೆ ಎಂದು 1904ರಲ್ಲಿ ಹೇಳಿದ. 1947ರಲ್ಲಿ ಅಮೆರಿಕದ ಸಿನರ್‌ಹೋಮ್ ಮತ್ತು ಜಿಮ್ಮರ್‌ಮನ್ ಗಿಡಗಳಲ್ಲೂ ಅದೇ ಲೆಕ್ಕ ಕಂಡರು: 2,4-ಡಿಯ ಸರಪಳಿಯನ್ನು ಉದ್ದ ಮಾಡುತ್ತ ಹೋದಾಗ, ಇಂಗಾಲದ ಸಂಖ್ಯೆ ಸಮವಾದರೆ ಎರಡೆರಡಾಗಿ ತುಂಡಾಗಿ ಕೊನೆಗೆ 2,4-ಡಿಯೇ ಉಳಿದು ಪರಿಣಾಮವಿತ್ತು, ಬೆಸವಾದರೆ ಇರಲಿಲ್ಲ.

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ವೈ ಕಾಲೇಜಿನಲ್ಲಿದ್ದ ಲೂಯಿ ವೇನ್ ಇದನ್ನು ಹೊಲಕ್ಕೆ ತಂದರು. ಕತ್ತರಿಸುವ ಶಕ್ತಿ ಎಲ್ಲ ಗಿಡಕ್ಕೂ ಒಂದೇ ಸಮ ಇದೆಯೇ ಎಂಬುದು ಅವರ ಪ್ರಶ್ನೆ. ಇರಲಿಲ್ಲ. 1950ರ ದಶಕದಲ್ಲಿ ಹೀಗೆ ರೂಪುಗೊಂಡದ್ದು 2,4-ಡಿಗಿಂತ ಉದ್ದ ಸರಪಳಿಯ 2,4-ಡಿಬಿ. ಡಬ್ಬಿಯಲ್ಲಿರುವಾಗ ಅದು ಗಿಡಕ್ಕೆ ಅಷ್ಟೇನೂ ಮಾರಕವಲ್ಲ. ಕಳೆ ಅದನ್ನು ಹೀರಿಕೊಂಡು, ಎರಡು ಇಂಗಾಲ ತುಂಡರಿಸಿ, ತನ್ನನ್ನೇ ಕೊಲ್ಲುವ 2,4-ಡಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕುದುರೆ ಮಸಾಲೆಗೆ ಆ ಕೆಲಸ ಅಷ್ಟಾಗಿ ಒಗ್ಗದು. ಅದು ಸರಪಳಿಯನ್ನು ಕತ್ತರಿಸುವ ಬದಲು ಉದ್ದ ಮಾಡಿಬಿಡುತ್ತದೆ ಎಂದು 1968ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕೃಷಿ ರಸಾಯನಶಾಸ್ತ್ರದಲ್ಲಿ ಇಷ್ಟು ಸೊಗಸಾದ ಉಪಾಯ ನನಗೆ ಇನ್ನೊಂದು ಕಾಣದು. ಕೊಲ್ಲುವ ಶಕ್ತಿ ಹೆಚ್ಚಿಸಿ ಗೆದ್ದದ್ದಲ್ಲ ಇದು, ಗಿಡದ ಸ್ವಭಾವ ಅರಿತು ಗೆದ್ದದ್ದು.

ಆದರೂ ಹೊತ್ತು ಮೀರಿದರೆ ಉಪಾಯ ಕೈಕೊಡುತ್ತದೆ. ಕಳೆ ಬೆರಳುದ್ದ ಇರುವಾಗ ಸಿಂಪಡಿಸಬೇಕು. ಬಲಿತ ಕಳೆ ಬಾಡಿ ಮತ್ತೆ ಚಿಗುರುತ್ತದೆ. ಹುಲ್ಲು ಜಾತಿಯ ಕಳೆಗೆ 2,4-ಡಿಬಿ ನಾಟುವುದೇ ಇಲ್ಲ, ಅದಕ್ಕೆ ಬೇರೆಯದೇ ಬೇಕು. ಸಿಂಪಡಿಸಿದ ಮೇಲೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಸೊಪ್ಪನ್ನು ದನಕ್ಕೆ ಹಾಕುವಂತಿಲ್ಲ. ಬಲಿತ ಬೆಳೆಯಲ್ಲಿ ಕಾಲದ ಲೆಕ್ಕವೇ ಬೇರೆ. ಚಳಿಗಾಲದಲ್ಲಿ ಕುದುರೆ ಮಸಾಲೆ ಎಲೆ ಉದುರಿಸಿ ಮಲಗಿರುವಾಗ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಹೊಡೆದರೆ ಹಸಿರಾಗಿ ನಿಂತ ಕಳೆಯಷ್ಟೇ ಸುಡುತ್ತದೆ. ಚಿಗುರು ಬಂದ ಮೇಲೆ ಹೊಡೆದರೆ ಮೊದಲ ಕೊಯ್ಲಿಗೆ ಪೆಟ್ಟು. ಮನುಷ್ಯನ ಹೊಟ್ಟೆ ಸೇರಿದರೆ ಪ್ರಾಣ ತೆಗೆಯುವ, ಪ್ರತಿವಿಷವೇ ಇಲ್ಲದ ರಾಸಾಯನಿಕವದು. ಅದನ್ನು ಕೊಟ್ಟಿಗೆಯ ಮೂಲೆಯಲ್ಲಿಡುವುದು ಸಲ್ಲದು.

ಮುಂದೆ ಅಮೆರಿಕದ ಮಾನ್ಸಾಂಟೊ ಕಂಪನಿ ಕಳೆನಾಶಕದ ಬದಲು ಬೆಳೆಯನ್ನೇ ಬದಲಿಸಿತು. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುವ ಕುಲಾಂತರಿ ಕುದುರೆ ಮಸಾಲೆಗೆ ಅಮೆರಿಕ 2005ರಲ್ಲಿ ಅನುಮತಿ ಕೊಟ್ಟಿತು, 2007ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ತಡೆಯಿತು. ವ್ಯಾಜ್ಯ 2010ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2011ರಲ್ಲಿ ಮತ್ತೆ ಬಿತ್ತನೆಗೆ ದಾರಿಯಾಯಿತು. ಅಲ್ಲೂ ಸಮಯದ ಪ್ರಶ್ನೆ ತಪ್ಪಲಿಲ್ಲ. ಚೀಲದ ಬೀಜದಲ್ಲಿ ಶೇ 10ರವರೆಗೆ ಆ ಜೀನ್ ಇಲ್ಲದವೂ ಇರಬಹುದು. ಗ್ಲೈಫೊಸೇಟ್ ಬಿದ್ದೊಡನೆ ಆ ಸಸಿಗಳು ಸಾಯುತ್ತವೆ. ಆದ್ದರಿಂದ ಮೂರೆಲೆಯ ಗೊಂಚಲು ಮೂರು ನಾಲ್ಕು ಮೂಡುವ ಹೊತ್ತಿಗೇ ಮೊದಲ ಸಿಂಪಡಣೆ ಮುಗಿಸಬೇಕೆಂದು ಅಲ್ಲಿನ ರೈತರಿಗೆ ಹೇಳುತ್ತಾರೆ. ಆಗ ಅಕ್ಕಪಕ್ಕದ ಗಿಡಗಳು ಹರಡಿಕೊಂಡು ಆ ತೆರಪನ್ನು ತುಂಬುತ್ತವೆ.