ಚಿಪ್ ವಿನ್ಯಾಸಕ್ಕೆ ಬಂದ ತಂತ್ರಾಂಶದ ರೂಢಿಗಳು: ನಮ್ಮ ಮಕ್ಕಳಿಗೆ ಅದರಲ್ಲೇನಿದೆ?

ಸಿರುಮುಗೈ, ನೆಗಮಂ ಕಡೆಯ ನೇಕಾರರ ಮನೆಗಳಲ್ಲಿ ಜಕಾರ್ಡ್ ಮಗ್ಗವನ್ನು ಕಂಡು ಬೆಳೆದ ಮಕ್ಕಳಿಗೆ ಈ ವಿಷಯ ಅರ್ಧ ತಿಳಿದೇ ಇರುತ್ತದೆ. ಸೆರಗಿನ ಚಿತ್ರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆದು, ಅದರಂತೆ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆಯುತ್ತಾರೆ. ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಸೀರೆಯಲ್ಲಿಯೂ ಮರುಕಳಿಸುತ್ತದೆ. ಮೊಬೈಲಿನೊಳಗಿನ ಚಿಪ್‌ನ ಸ್ಥಿತಿಯೂ ಇದೇ; ಆದರೆ ಅಲ್ಲಿ ರಟ್ಟು ಬದಲಿಸಿದಷ್ಟು ಸುಲಭವಾಗಿ ತಪ್ಪನ್ನು ತಿದ್ದಲಾಗದು. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಿಗೆ ತಪ್ಪು ಉತ್ತರ ನೀಡುತ್ತಿರುವುದು ಬಯಲಾಯಿತು. ಒಳಗಿನ ಕೋಷ್ಟಕವೊಂದರಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದವು, ಅಷ್ಟೇ. ಅದಕ್ಕಾಗಿ ಸಂಸ್ಥೆ 47.5 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಳ್ಳಬೇಕಾಯಿತು.

ಇಂದು ಚಿಪ್ ವಿನ್ಯಾಸಕರು ಮಂಡಲದ ವರ್ತನೆಯನ್ನು ವೆರಿಲಾಗ್‌ನಂತಹ ಭಾಷೆಗಳಲ್ಲಿ ಬರಹವಾಗಿಯೇ ಬರೆಯುತ್ತಾರೆ. ಬರಹವಾದ ಮೇಲೆ ತಂತ್ರಾಂಶದವರ ರೂಢಿಗಳು ಅದಕ್ಕೂ ಒಗ್ಗುತ್ತವೆ. ಅವುಗಳಲ್ಲಿ ಎರಡು ಮುಖ್ಯ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದನ್ನು ಗಿಟ್ ಎಂಬ ಸಾಧನದಲ್ಲಿ ದಾಖಲಿಸುವುದು ಒಂದು. ಪ್ರತಿ ಸಣ್ಣ ಬದಲಾವಣೆಯ ನಂತರವೂ ಎಲ್ಲ ಪರೀಕ್ಷೆಗಳು ತಾವಾಗಿಯೇ ನಡೆಯುವಂತೆ ಏರ್ಪಡಿಸುವುದು ಇನ್ನೊಂದು.

ಈ ಪರೀಕ್ಷೆ ಎಂದರೇನು? 0ಯಿಂದ 15ರವರೆಗಿನ ಎರಡು ಸಂಖ್ಯೆಗಳನ್ನು ಕೂಡುವ ಮಂಡಲವಿದೆ ಎನ್ನೋಣ. ಸಾಧ್ಯವಿರುವ ಲೆಕ್ಕಗಳು 16 × 16, ಅಂದರೆ 256. ಎಲ್ಲವನ್ನೂ ಪರೀಕ್ಷಿಸಬಹುದು. ಮಂಡಲ 32 ಬಿಟ್‌ಗಳದಾದರೆ, ಸೆಕೆಂಡಿಗೆ 100 ಕೋಟಿ ಲೆಕ್ಕ ನೋಡಿದರೂ ಎಲ್ಲವನ್ನು ಮುಗಿಸಲು ಸುಮಾರು 585 ವರ್ಷ ಬೇಕು. ಆದ್ದರಿಂದ ಯಾವುದನ್ನು ಪರೀಕ್ಷಿಸಬೇಕೆಂದು ಆರಿಸುವುದೇ ಈ ವೃತ್ತಿಯ ದೊಡ್ಡ ಕೆಲಸ. ಕೃತಕ ಬುದ್ಧಿಮತ್ತೆ ಈಗ ವೆರಿಲಾಗ್ ಬರೆದುಕೊಡುತ್ತದೆ, ನಿಜ. ಬರೆದದ್ದು ಸರಿಯೇ ಎಂದು ತೋರಿಸುವ ಹೊಣೆ ಮಾತ್ರ ವಿನ್ಯಾಸಕನದೇ.

ವಿನ್ಯಾಸದ ಸಾಧನಗಳ ಪರವಾನಗಿ ಶುಲ್ಕ ಸಣ್ಣ ಕಾಲೇಜುಗಳ ಕೈಗೆಟುಕುವಂಥದ್ದಲ್ಲ. ಇಲ್ಲಿಯೂ ತಂತ್ರಾಂಶ ಲೋಕದ ಮುಕ್ತ ಆಕರ ಪದ್ಧತಿ ದಾರಿ ತೆರೆದಿದೆ. 2018ರಲ್ಲಿ ಅಮೆರಿಕದಲ್ಲಿ ಓಪನ್‌ರೋಡ್ ಯೋಜನೆ ಆರಂಭವಾಯಿತು. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸಂಸ್ಥೆಗಳು 130 ನ್ಯಾನೋಮೀಟರ್ ಚಿಪ್ ತಯಾರಿಕೆಯ ನಿಯಮಗಳನ್ನು ಎಲ್ಲರಿಗೂ ಪ್ರಕಟಪಡಿಸಿದವು. ನಮ್ಮ ರಾಜ್ಯದಲ್ಲಿಯೇ, ಚೆನ್ನೈನ ಐಐಟಿ ಮದ್ರಾಸ್ ‘ಶಕ್ತಿ’ ಸಂಸ್ಕಾರಕದ ವಿನ್ಯಾಸವನ್ನು ಮುಕ್ತವಾಗಿ ಇರಿಸಿದೆ. ಆ ಬಳಗದ ಚಿಪ್ ಒಂದು 2018ರಲ್ಲಿ ಚಂಡೀಗಢದ ಬಳಿಯ ಮೊಹಾಲಿಯಲ್ಲಿ, 180 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಯಿತು.

ಕನ್ನಡ ಮಾಧ್ಯಮದ ಮಗುವಿಗೆ ಇದು ದಕ್ಕೀತೇ ಎಂದು ಪೋಷಕರು ಕೇಳುತ್ತಾರೆ. ಮುಂದೆ ಇಂಗ್ಲಿಷ್ ಬೇಕೇ ಬೇಕು. ಇಲ್ಲವೆಂದರೆ ಅದು ಮೋಸವಾದೀತು. ಆದರೆ ಈ ವಿದ್ಯೆಯ ಬುಡದಲ್ಲಿರುವುದು ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಮಾತುಗಳು ಹಾಗೂ ದ್ವಿಮಾನ ಸಂಖ್ಯೆಗಳು. ಅವನ್ನು ತಾಯ್ನುಡಿಯಲ್ಲಿ ಕಲಿತ ಮಗು ಬೇಗ ಹಿಡಿಯುತ್ತದೆಂಬುದು ಪಾಠ ಮಾಡಿ ನಾನು ಕಂಡದ್ದು. ಒಂಬತ್ತನೆಯ ತರಗತಿಯ ಮಗುವಿಗೆ ಚೌಕುಳಿ ಕಾಗದ ಕೊಟ್ಟು, ಆ 256 ಲೆಕ್ಕಗಳಲ್ಲಿ ಹತ್ತನ್ನು ದ್ವಿಮಾನದಲ್ಲಿ ಕೂಡಿಸಿರಿ. ಉಳಿದ 246ನ್ನು ಐಕಾರಸ್ ವೆರಿಲಾಗ್ ನೋಡಿಕೊಳ್ಳುತ್ತದೆ. ಅದು ಉಚಿತ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ.