ಕಾವಲುಗಾರನ ಕಣ್ಣು ತಪ್ಪಿಸುವ ವೈರಸ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರವಿತ್ತು. ನಾನೂ ನನ್ನ ರೂಮ್‌ಮೇಟೂ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಜ್ಯೂಸ್ ಕುಡಿದು ಬಂದೆವು. ಕೆಲವು ದಿನಗಳ ನಂತರ ಅವನಿಗೆ ರಕ್ತನಿಧಿಯಿಂದ ಫೋನ್ ಬಂತು. ‘ಇನ್ನೊಂದು ಪರೀಕ್ಷೆ ಮಾಡಬೇಕು, ಬಂದು ಹೋಗಿ’ ಎಂದರು. ಯಾವ ಪರೀಕ್ಷೆ ಎಂದು ಹೇಳಲಿಲ್ಲ. ಇಬ್ಬರೂ ಎಚ್‌ಐವಿ ಇರಬಹುದೆಂದು ಹೆದರಿದೆವು. ಅಂದು ರಾತ್ರಿ, ದಿನವೂ ಇಬ್ಬರೂ ಕುಡಿಯುತ್ತಿದ್ದ ನನ್ನ ನೀರಿನ ಬಾಟಲಿಯನ್ನು ಸದ್ದಿಲ್ಲದೆ ನನ್ನ ಮಂಚದ ಕಡೆ ಎಳೆದುಕೊಂಡೆ. ಅವನು ನೋಡಿದ. ಏನೂ ಹೇಳಲಿಲ್ಲ.

ನಿದ್ದೆ ಬರಲಿಲ್ಲ. ಮೊಬೈಲ್‌ನಲ್ಲಿ ಎಚ್‌ಐವಿ ಬಗ್ಗೆ ಓದತೊಡಗಿದೆ. ಈ ವೈರಸ್ ಸಿಡಿ4 ಕೋಶಗಳನ್ನು ನಾಶ ಮಾಡುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಅದಕ್ಕೆ ಎದುರು ನಿಲ್ಲುವ ‘ನ್ಯಾಚುರಲ್ ಕಿಲ್ಲರ್’ ಅಂದರೆ ಸಹಜ ಹಂತಕ ಕೋಶಗಳ ಬಗ್ಗೆ ಅಂದೇ ತಿಳಿದದ್ದು. ಇವೂ ಬಿಳಿ ರಕ್ತಕಣಗಳೇ. ಶತ್ರುವಿನ ಮುಂಚಿನ ಪರಿಚಯವಿಲ್ಲದೆಯೂ ಕೊಲ್ಲಬಲ್ಲವು ಎಂಬ ಕಾರಣಕ್ಕೆ 1975ರಲ್ಲಿ ಈ ಹೆಸರು ಬಂತು.

ಇವು ಕಾಲೇಜು ಗೇಟಿನ ಕಾವಲುಗಾರರಿದ್ದಂತೆ. ನಮ್ಮ ಬಹುತೇಕ ಬಗೆಯ ಜೀವಕೋಶಗಳು ಎಚ್‌ಎಲ್‌ಎ ಎಂಬ ಐಡಿ ಕಾರ್ಡ್ ತೊಟ್ಟಿರುತ್ತವೆ. ಕಾರ್ಡಿನಲ್ಲಿ ವೈರಸ್ಸಿನ ತುಣುಕು ಕಂಡರೆ ಟಿ ಕೋಶ ಆ ಜೀವಕೋಶವನ್ನು ಕೊಲ್ಲುತ್ತದೆ. ಕಾರ್ಡೇ ಇಲ್ಲದಿದ್ದರೆ? ಆಗ ಹಂತಕ ಕೋಶ ಮುಂದೆ ಬರುತ್ತದೆ. 1986ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿಕೊಟ್ಟರು. ಆದರೆ ಕಾರ್ಡ್ ಇಲ್ಲ ಎಂಬುದೊಂದೇ ಸಾಲದು. ಅಪಾಯದ ಗುರುತೂ ಕಾಣಿಸಬೇಕು. ಎರಡನ್ನೂ ತೂಗಿ ನೋಡಿದ ಮೇಲೆಯೇ ಅದು ದಾಳಿ ಮಾಡುತ್ತದೆ.

ಎಚ್‌ಐವಿಯ ಜಾಣತನ ಇಲ್ಲಿದೆ. ಅದರ ನೆಫ್ ಎಂಬ ಪ್ರೋಟೀನ್ ಎ ಮತ್ತು ಬಿ ಬಗೆಯ ಕಾರ್ಡುಗಳನ್ನು ಒಳಗೆಳೆದು ಟಿ ಕೋಶದ ಕಣ್ಣು ತಪ್ಪಿಸುತ್ತದೆ. ಸಿ ಮತ್ತು ಇ ಬಗೆಯವನ್ನು ಮಾತ್ರ ಹಾಗೇ ಬಿಡುತ್ತದೆ. ಅವನ್ನು ನೋಡಿ ಹಂತಕ ಕೋಶ ‘ನಮ್ಮವನೇ’ ಎಂದು ಸುಮ್ಮನಾಗುತ್ತದೆ. ಚಿಕಿತ್ಸೆ ಇಲ್ಲದೆ ವರ್ಷಗಳು ಕಳೆದರೆ ಈ ಕಾವಲುಗಾರರೂ ಸೊರಗುತ್ತಾರೆ.

ಹಾಗೆಂದು ಸೋಲು ಖಚಿತವಲ್ಲ. ಸೋಂಕಿತ ಕೋಶಕ್ಕೆ ಪ್ರತಿಕಾಯಗಳು ಅಂಟಿಕೊಂಡರೆ ಹಂತಕ ಕೋಶ ಅವುಗಳ ಮೂಲಕ ಶತ್ರುವನ್ನು ಗುರುತಿಸುತ್ತದೆ. ಥಾಯ್ಲೆಂಡ್‌ನಲ್ಲಿ ಪ್ರಯೋಗಿಸಿದ ಲಸಿಕೆಯೊಂದು ಸೋಂಕಿನ ಅಪಾಯವನ್ನು ಶೇ 31ರಷ್ಟು ತಗ್ಗಿಸಿತೆಂದು 2009ರಲ್ಲಿ ವರದಿಯಾಯಿತು. ಅದಕ್ಕೆ ಈ ದಾರಿಯೂ ನೆರವಾಗಿರಬಹುದು ಎನ್ನುತ್ತಾರೆ ಸಂಶೋಧಕರು. ಔಷಧಕ್ಕೂ ಸಿಗದೆ ಅಡಗಿ ಕುಳಿತ ವೈರಸ್ಸನ್ನು ಎಚ್ಚರಿಸಿ, ಹಂತಕ ಕೋಶಗಳಿಂದ ಕೊಲ್ಲಿಸುವ ಪ್ರಯತ್ನವೂ ನಡೆದಿದೆ.

ಓದುತ್ತಾ ನಾಚಿಕೆಯಾಯಿತು. ಒಂದು ಕೋಶ ಎರಡು ಗುರುತು ನೋಡಿ ತೀರ್ಮಾನಿಸುತ್ತದೆ. ನಾನು ಒಂದು ಫೋನ್ ಕರೆಗೇ ಬಾಟಲಿ ಎಳೆದುಕೊಂಡಿದ್ದೆ. ಅದೂ ಒಂದೇ ಬಾಟಲಿಯ ನೀರು ಕುಡಿದರೆ ಎಚ್‌ಐವಿ ಹರಡುವುದಿಲ್ಲ ಎಂದು ಹೈಸ್ಕೂಲಿನಲ್ಲೇ ಓದಿದ್ದರೂ!

ಬೆಳಿಗ್ಗೆ ಅವನ ಜೊತೆ ನಾನೂ ಹೋದೆ. ಮೊದಲ ಪರೀಕ್ಷೆಯೇ ಕೊನೆಯ ಮಾತಲ್ಲ, ಖಚಿತಪಡಿಸುವ ಪರೀಕ್ಷೆ ಬೇಕು ಎಂದು ಆಪ್ತ ಸಮಾಲೋಚಕಿ ವಿವರಿಸಿದರು. ಸೋಂಕಿದ್ದರೂ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ, ಅದನ್ನು ತಪ್ಪದೆ ತೆಗೆದುಕೊಂಡರೆ ಓದು, ಕೆಲಸ, ಮದುವೆ ಯಾವುದೂ ನಿಲ್ಲುವುದಿಲ್ಲ ಎಂದರು. ಸೋಂಕಿನ ಕಾರಣಕ್ಕೆ ಕಾಲೇಜಿನಲ್ಲಾಗಲಿ ಉದ್ಯೋಗದಲ್ಲಾಗಲಿ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಅವನ ವರದಿ ಏನು ಬಂತು ಎಂದು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವನೊಬ್ಬನದು. ಬಾಟಲಿ ಮಾತ್ರ ಮತ್ತೆ ಮೇಜಿನ ನಡುವೆ ಇದೆ.