ಯಂತ್ರವು ಒಲ್ಲೆನೆಂದ ನಾಣ್ಯ

ದೇವಾಲಯದ ಹುಂಡಿಯನ್ನು ತೆರೆದು ಎಣಿಸುವ ದಿನ ಅಲ್ಲಿ ಕುಳಿತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಜಮಖಾನದ ಮೇಲೆ ನಾಣ್ಯಗಳ ರಾಶಿ. ಪಕ್ಕದಲ್ಲಿ ಎಣಿಕೆಯ ಯಂತ್ರ. ಬೊಗಸೆ ಬೊಗಸೆಯಾಗಿ ಸುರಿದ ಬಿಲ್ಲೆಗಳು ಗಲಗಲನೆ ಒಳಗೆ ಹೋಗಿ ತಮ್ಮ ತಮ್ಮ ಚೀಲಗಳಿಗೆ ಬೀಳುತ್ತವೆ. ಆದರೆ ಕೆಲವು ಬಿಲ್ಲೆಗಳನ್ನು ಮಾತ್ರ ಯಂತ್ರ ಒಳಗಿಟ್ಟುಕೊಳ್ಳುವುದಿಲ್ಲ. ಎಷ್ಟು ಸಲ ಹಾಕಿದರೂ ಪಕ್ಕದ ಬಾಯಿಂದ ಹೊರಕ್ಕೆ ಉರುಳಿಸಿಬಿಡುತ್ತದೆ. ಅವುಗಳಲ್ಲೊಂದು ಸೊಟ್ಟಗಾಗಿದೆ. ಇನ್ನೊಂದು ಎಣ್ಣೆ ಕುಂಕುಮ ಮೆತ್ತಿ ಕಪ್ಪಾಗಿದೆ. ಒಂದು ಹತ್ತು ರೂಪಾಯಿಯ ಬಿಲ್ಲೆಯ ನಡುವಣ ಭಾಗ ಎಲ್ಲಿಯೋ ಉದುರಿಹೋಗಿ ಬರಿಯ ಬಳೆ ಉಳಿದಿದೆ. ಮತ್ತೊಂದಕ್ಕೆ ಅಂಚಿನಲ್ಲಿ ತೂತಿದೆ. ಯಾರೋ ದಾರ ಪೋಣಿಸಿ ಮಗುವಿನ ಕೊರಳಿಗೆ ಕಟ್ಟಿದ್ದಿರಬೇಕು. ಸಂಜೆಯ ಹೊತ್ತಿಗೆ ಇಂಥವು ಒಂದು ಬಟ್ಟಲಿನಷ್ಟು ಕೂಡುತ್ತವೆ.

ಇವನ್ನು ಏನು ಮಾಡಬೇಕು? ಕತ್ತಲಲ್ಲಿ ಯಾರಿಗಾದರೂ ದಾಟಿಸಿಬಿಡುವುದು ಲೋಕದ ಹಳೆಯ ಉಪಾಯ. ಅದನ್ನು ಬಿಟ್ಟು ನ್ಯಾಯವಾಗಿ ಯೋಚಿಸುವವನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಯಂತ್ರ ಒಲ್ಲೆನೆಂದ ಮಾತ್ರಕ್ಕೆ ಈ ಬಿಲ್ಲೆ ಹಣವಲ್ಲವೆ? ಹಣವಲ್ಲವಾದರೆ ಅದರ ನಷ್ಟ ಯಾರದು: ಕೊನೆಗೆ ಅದು ಯಾರ ಕೈಯಲ್ಲಿ ಸಿಕ್ಕಿತೋ ಅವನದೆ, ಅಥವಾ ಅದನ್ನು ಹೊರಡಿಸಿದ ಸರಕಾರದ್ದೆ?

ಮೊದಲು ಯಂತ್ರವು ನಾಣ್ಯವನ್ನು ಗುರುತಿಸುವ ಬಗೆಯನ್ನು ನೋಡೋಣ. ಹಳೆಯ ಯಂತ್ರಗಳು ಒಂದು ಬಗೆಯ ಜರಡಿಗಳು. ಇಳಿಜಾರಾದ ಹಾದಿಯಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಕಂಡಿಗಳಿದ್ದು, ಉರುಳಿಬಂದ ನಾಣ್ಯ ತನ್ನ ವ್ಯಾಸಕ್ಕೆ ಒಪ್ಪುವ ಕಂಡಿಯಲ್ಲಿ ಬೀಳುತ್ತಿತ್ತು. ಅದೇ ಅಳತೆಯ ತಗಡಿನ ತುಂಡೂ ಅಲ್ಲಿಯೇ ಬೀಳುತ್ತಿತ್ತೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಈಗಿನ ಯಂತ್ರಗಳು ಲೋಹವನ್ನೂ ಪರೀಕ್ಷಿಸುತ್ತವೆ. ಇದಕ್ಕೆ ಆಧಾರ 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವ. ನಾಣ್ಯ ಸಾಗುವ ಹಾದಿಯ ಪಕ್ಕದಲ್ಲಿ ಒಂದು ತಂತಿಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು ಹರಿಯುತ್ತಿರುತ್ತದೆ. ಸುರುಳಿಯ ಸುತ್ತಣ ಕಾಂತಕ್ಷೇತ್ರವೂ ಅದರೊಡನೆ ಬದಲಾಗುತ್ತಿರುವುದರಿಂದ, ಅಲ್ಲಿಗೆ ಬಂದ ನಾಣ್ಯದ ಮೈಯೊಳಗೆ ನೀರಿನ ಸುಳಿಗಳಂತೆ ವಿದ್ಯುತ್ಪ್ರವಾಹಗಳು ಏಳುತ್ತವೆ. ಇವಕ್ಕೆ ಸುಳಿಪ್ರವಾಹಗಳೆಂದೇ ಹೆಸರು. ಈ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನುಂಟುಮಾಡಿ ಮೂಲ ಕ್ಷೇತ್ರವನ್ನು ಎದುರಿಸುತ್ತವೆ. ಆ ಎದುರುತ್ತರವನ್ನು ಸುರುಳಿ ಗ್ರಹಿಸುತ್ತದೆ.

ಎದುರುತ್ತರವು ಎಲ್ಲ ಲೋಹಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ನಮ್ಮ ಐದು ರೂಪಾಯಿಯ ನಿಕ್ಕಲ್ ಹಿತ್ತಾಳೆಯ ಬಿಲ್ಲೆ ವಿದ್ಯುತ್ತನ್ನು ಹೆಚ್ಚು ಸುಲಭವಾಗಿ ಹರಿಯಗೊಡುತ್ತದೆ. ಒಂದು ರೂಪಾಯಿಯ ತುಕ್ಕುಹಿಡಿಯದ ಉಕ್ಕು ಅಷ್ಟಾಗಿ ಹರಿಯಗೊಡದಿದ್ದರೂ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ವಿದ್ಯುತ್ತಿನ ದಿಕ್ಕನ್ನು ಬಹು ವೇಗವಾಗಿ ಬದಲಿಸಿದರೆ ಸುಳಿಗಳು ಲೋಹದ ಮೇಲ್ಮೈಯಲ್ಲಿಯೇ ಸುತ್ತುತ್ತವೆ. ನಿಧಾನವಾಗಿ ಬದಲಿಸಿದರೆ ಆಳಕ್ಕಿಳಿಯುತ್ತವೆ. ಹೀಗೆ ಎರಡು ಮೂರು ವೇಗಗಳಲ್ಲಿ ಪರೀಕ್ಷಿಸಿದಾಗ ಹೊರಗಣ ಹೊದಿಕೆ ಯಾವುದು, ಒಳಗಣ ಲೋಹ ಯಾವುದು ಎಂಬ ಸುಳಿವು ದೊರೆಯುತ್ತದೆ. ದೊರೆತ ಅಂಕಿಗಳನ್ನು ಯಂತ್ರವು ತನ್ನ ನೆನಪಿನಲ್ಲಿರುವ ಮಾದರಿಯ ಅಂಕಿಗಳೊಡನೆ ಹೋಲಿಸುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತೀರ್ಪು ಸಿದ್ಧ.

ಇನ್ನು ಗಾಯಗೊಂಡ ಬಿಲ್ಲೆಯ ಗತಿಯನ್ನು ಊಹಿಸುವುದು ಕಷ್ಟವಲ್ಲ. ತೂತು ಕೊರೆದಲ್ಲಿ ಸುಳಿಯ ಹಾದಿ ತುಂಡಾಗುತ್ತದೆ. ಪ್ರವಾಹ ಬಳಸಿಕೊಂಡು ಹೋಗಬೇಕಾಗುತ್ತದೆ. ಹತ್ತು ರೂಪಾಯಿಯ ಬಿಲ್ಲೆಯಲ್ಲಿ ಬಳೆಗೂ ನಡುವಣ ಭಾಗಕ್ಕೂ ಸಂದು ಬಿಟ್ಟಿದ್ದರೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದ ಪ್ರವಾಹಕ್ಕೆ ತಡೆಯುಂಟಾಗುತ್ತದೆ. ಸೊಟ್ಟಗಾದ ಬಿಲ್ಲೆಯ ಮೈ ಸುರುಳಿಯಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿರುವುದಿಲ್ಲ. ಒಣಗಿದ ಎಣ್ಣೆ, ಅರಿಸಿನ, ಕುಂಕುಮಗಳ ಪದರವೂ ಲೋಹವನ್ನು ಸುರುಳಿಯಿಂದ ಕೂದಲೆಳೆಯಷ್ಟು ದೂರ ಸರಿಸಿ, ಜೊತೆಗೆ ವ್ಯಾಸವನ್ನೂ ದಪ್ಪವನ್ನೂ ಹೆಚ್ಚಿಸುತ್ತದೆ. ಅಂಕಿಗಳು ಎಲ್ಲೆ ಮೀರಿದ ಕೂಡಲೆ ಬಿಲ್ಲೆ ಹೊರಕ್ಕೆ.

ಆ ಎಲ್ಲೆಯನ್ನು ತುಸು ಸಡಿಲಿಸಬಾರದೆ ಎಂದು ಕೇಳಬಹುದು. ಸಡಿಲಿಸಿದರೆ ಖೋಟಾ ನಾಣ್ಯಗಳೂ ನುಸುಳುತ್ತವೆ. ಬಿಗಿಹಿಡಿದರೆ ಒಳ್ಳೆಯ ನಾಣ್ಯಗಳೂ ಹೊರಬೀಳುತ್ತವೆ. ಯಂತ್ರದ ಯಜಮಾನರು ಸಾಮಾನ್ಯವಾಗಿ ಎರಡನೆಯ ತಪ್ಪನ್ನೇ ಆರಿಸಿಕೊಳ್ಳುತ್ತಾರೆ. ಅದರ ತೊಂದರೆ ಅವರಿಗಲ್ಲವಷ್ಟೆ. ಆದುದರಿಂದ ಯಂತ್ರದ ತೀರ್ಪಿಗೆ ಇರುವ ಅರ್ಥ ಇಷ್ಟೇ: ಈ ಬಿಲ್ಲೆ ನನ್ನ ಮಾದರಿಗೆ ಹೊಂದುವುದಿಲ್ಲ. ಅದು ಖೋಟಾ ಎಂದಾಗಲಿ, ಅದಕ್ಕೆ ಬೆಲೆಯಿಲ್ಲವೆಂದಾಗಲಿ ಯಂತ್ರ ಹೇಳಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನುಳಿಸಲು 1943ರಿಂದ 1947ರವರೆಗೆ ನಮ್ಮ ದೇಶದಲ್ಲಿ ನಡುವೆ ತೂತಿದ್ದ ತಾಮ್ರದ ಕಾಸನ್ನೇ ಅಚ್ಚುಹಾಕುತ್ತಿದ್ದರು. ಆ ಕಾಲದಲ್ಲಿ ಇಂಥ ಯಂತ್ರವಿದ್ದಿದ್ದರೆ ತೂತಿಲ್ಲದ ಕಾಸನ್ನೇ ಅದು ಹೊರಗೆ ತಳ್ಳುತ್ತಿತ್ತು.

ಯಂತ್ರದ ಇನ್ನೊಂದು ಬಗೆಯ ತಪ್ಪನ್ನೂ ಇಲ್ಲಿಯೇ ಹೇಳಿಬಿಡಬೇಕು. 1992ರಿಂದ ಹಲವು ವರ್ಷ ಹೊರಬಂದ ಒಂದು ರೂಪಾಯಿಯ ಉಕ್ಕಿನ ಬಿಲ್ಲೆಯ ವ್ಯಾಸ 25 ಮಿಲಿಮೀಟರು, ತೂಕ 4.85 ಗ್ರಾಂ. 2011ರ ಮಾಲೆಯ ಎರಡು ರೂಪಾಯಿಯ ಬಿಲ್ಲೆಯದೂ ಅದೇ ಉಕ್ಕು, ಅದೇ ವ್ಯಾಸ, ಅದೇ ತೂಕ! ಲೋಹವನ್ನೂ ಅಳತೆಯನ್ನೂ ಮಾತ್ರ ಬಲ್ಲ ಯಂತ್ರಕ್ಕೆ ಇವೆರಡೂ ಒಂದೇ. ಮೇಲಿರುವ ಅಂಕಿಯನ್ನು ಓದಬಲ್ಲ ಶಾಲೆಯ ಹುಡುಗನಿಗೆ ಮಾತ್ರ ಬೇರೆ ಬೇರೆ.

ಹಾಗಾದರೆ ಬೆಲೆಯನ್ನು ನಿರ್ಣಯಿಸುವವರು ಯಾರು? ನಾಣ್ಯವನ್ನು ಯಂತ್ರ ತಿರಸ್ಕರಿಸುವುದೂ ಹೊಸದಲ್ಲ, ನಷ್ಟ ಯಾರದೆಂಬ ವಾದವೂ ಹೊಸದಲ್ಲ. ಇಂಗ್ಲೆಂಡಿನಲ್ಲಿ ಚಿನ್ನದ ಸವರನ್ ನಾಣ್ಯ ಓಡಾಡುತ್ತಿದ್ದ ಕಾಲದಲ್ಲಿ, 1840ರ ದಶಕದಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರಾಗಿದ್ದ ವಿಲಿಯಂ ಕಾಟನ್ ಎಂಬಾತ ತಾನಾಗಿಯೇ ನಡೆಯುವ ಒಂದು ತಕ್ಕಡಿಯನ್ನು ರೂಪಿಸಿದ. ಅದು ಸವರನ್ನುಗಳನ್ನು ಒಂದೊಂದಾಗಿ ತೂಗಿ, ತೂಕವುಳ್ಳವನ್ನು ಒಂದು ಕಡೆಗೂ ಸವಕಲಾದುವನ್ನು ಇನ್ನೊಂದು ಕಡೆಗೂ ಬೀಳಿಸುತ್ತಿತ್ತು. ಹೊಸ ಸವರನ್ನಿನ ತೂಕ 123.27 ಗ್ರೇನು, 122.5 ಗ್ರೇನಿಗಿಂತ ಕಡಿಮೆಯಾದರೆ ಅದು ಸಲ್ಲದು. ಎಂದರೆ ಸುಮಾರು 50 ಮಿಲಿಗ್ರಾಂ ಸವೆದರೆ ಅದರ ಆಯುಸ್ಸು ಮುಗಿದಂತೆ. ಈ ಸವೆತಕ್ಕೆ ಸುಮಾರು 18 ವರ್ಷ ಹಿಡಿಯುತ್ತದೆಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1868ರಲ್ಲಿ ಲೆಕ್ಕಹಾಕಿ ತೋರಿಸಿದ.

ಸವೆದ ಸವರನ್ನನ್ನು ಬ್ಯಾಂಕಿಗೆ ಕೊಂಡೊಯ್ದರೆ ಅದನ್ನು ಕತ್ತರಿಸಿ, ಉಳಿದ ಚಿನ್ನದ ತೂಕಕ್ಕೆ ಮಾತ್ರ ಬೆಲೆ ಕೊಡುತ್ತಿದ್ದರು. ಹದಿನೆಂಟು ವರ್ಷ ಸಾವಿರಾರು ಕೈಗಳು ಸವೆಸಿದ ನಾಣ್ಯದ ನಷ್ಟವನ್ನು ಕೊನೆಯ ಒಂದು ಕೈ ಹೊರಬೇಕಾಗಿತ್ತು. ಇದರ ಫಲವೇನು? ಹಗುರ ನಾಣ್ಯವನ್ನು ಯಾರೂ ಬ್ಯಾಂಕಿಗೆ ಒಯ್ಯಲಿಲ್ಲ. ಅದು ಅಂಗಡಿಯಿಂದ ಅಂಗಡಿಗೆ ಸುತ್ತುತ್ತಲೇ ಇದ್ದು ಇನ್ನಷ್ಟು ಸವೆಯಿತು. ಕೊನೆಗೆ 1889ರಲ್ಲಿಯೂ 1891ರಲ್ಲಿಯೂ ಬಂದ ಕಾನೂನುಗಳು ಈ ನೀತಿಯನ್ನು ಬದಲಿಸಿದುವು. ನ್ಯಾಯವಾದ ಬಳಕೆಯಿಂದ ಸವೆದ ನಾಣ್ಯಕ್ಕೆ ಪೂರ್ಣ ಬೆಲೆ ಕೊಟ್ಟು ಸರಕಾರವೇ ಹಿಂದಕ್ಕೆ ಪಡೆಯಲಾರಂಭಿಸಿತು. ನನಗೆ ತೋರುವಂತೆ ಇದು ಬರಿಯ ಔದಾರ್ಯವಲ್ಲ, ಜಾಣತನವೂ ಹೌದು. ನಷ್ಟದ ಭಯವಿದ್ದಲ್ಲಿ ಕೆಟ್ಟ ನಾಣ್ಯ ಹೊರಗೆ ಬಾರದು.

ಆದರೆ ಸವೆತಕ್ಕೂ ಕೈವಾಡಕ್ಕೂ ವ್ಯತ್ಯಾಸ ಕಾಣಬೇಕಲ್ಲವೆ? ಅಂಚನ್ನು ಅರದಿಂದ ಉಜ್ಜಿ ಚಿನ್ನದ ಪುಡಿ ಉಳಿಸಿಕೊಂಡವನಿಗೂ ಪೂರ್ಣ ಬೆಲೆ ಕೊಟ್ಟರೆ ಅದು ನ್ಯಾಯವಾಗದು. ಈ ವಿವೇಚನೆ ಎಷ್ಟು ಕಷ್ಟವೆಂಬುದಕ್ಕೆ ಹತ್ತಿರದ ಕಾಲದ ಒಂದು ಪ್ರಸಂಗವಿದೆ. ಜರ್ಮನಿಯ ಕೇಂದ್ರ ಬ್ಯಾಂಕು ಹಾನಿಗೊಂಡ ಯೂರೋ ನಾಣ್ಯಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡುತ್ತಿತ್ತು. ಚಲಾವಣೆಯಿಂದ ತೆಗೆದ ಒಂದು ಮತ್ತು ಎರಡು ಯೂರೋ ಬಿಲ್ಲೆಗಳ ಬಳೆಯನ್ನೂ ತಿರುಳನ್ನೂ ಬೇರ್ಪಡಿಸಿ ಗುಜರಿ ಲೋಹವೆಂದು ಮಾರುವುದಿತ್ತು. 2011ರಲ್ಲಿ ಫ್ರಾಂಕ್‌ಫರ್ಟಿನ ಸರಕಾರಿ ವಕೀಲರು ಹೊರಗೆಡವಿದ ಆರೋಪ ಹೀಗಿತ್ತು: ಈ ತುಂಡುಗಳನ್ನು ಚೀನಾದಲ್ಲಿ ಮತ್ತೆ ಜೋಡಿಸಿ, ವಿಮಾನದ ಸಿಬ್ಬಂದಿಯ ಸಾಮಾನುಗಳಲ್ಲಿ ಜರ್ಮನಿಗೆ ತರಿಸಿ, ಹಾನಿಗೊಂಡ ನಾಣ್ಯಗಳೆಂದು ಬ್ಯಾಂಕಿಗೆ ಕೊಟ್ಟು ಹಣ ಪಡೆಯಲಾಗಿದೆ. 2007ರಿಂದ 2010ರವರೆಗೆ ಹೀಗೆ ಬಂದುದು ಸುಮಾರು 29 ಟನ್ನು, ಬೆಲೆ ಸುಮಾರು 60 ಲಕ್ಷ ಯೂರೋ. ಲೋಹ ಅಸಲಿ, ಅಚ್ಚು ಅಸಲಿ, ಕತೆಯೊಂದೇ ಖೋಟಾ. ಅಮೆರಿಕದ ಟಂಕಸಾಲೆಯೂ ಇಂಥದೇ ಸಂಶಯದಿಂದ 2015ರಲ್ಲಿ ಹಾನಿಗೊಂಡ ನಾಣ್ಯಗಳ ಸ್ವೀಕಾರವನ್ನು ನಿಲ್ಲಿಸಿ, 2018ರಲ್ಲಿ ಹೊಸ ನಿಯಮಗಳೊಡನೆ ಪುನಃ ತೆರೆಯಿತು.

ನಮ್ಮ ದೇಶದ ಕಾನೂನಿಗೆ ಬರೋಣ. 1906ರ ನಾಣ್ಯ ಅಧಿನಿಯಮದಲ್ಲಿದ್ದ ಮುಖ್ಯ ವಿವೇಚನೆಯನ್ನೇ 2011ರ ಅಧಿನಿಯಮವೂ ಉಳಿಸಿಕೊಂಡಿದೆ. ಕತ್ತರಿಸುವುದು, ಅರದಿಂದ ಉಜ್ಜುವುದು, ಮುದ್ರೆಯೊತ್ತುವುದು, ಸಹಜ ಸವೆತವಲ್ಲವೆಂದು ಸುಲಭವಾಗಿ ಕಾಣುವಂತೆ ಮೈಯನ್ನೋ ಆಕಾರವನ್ನೋ ಬದಲಿಸುವುದು, ಇವು ನಾಣ್ಯವನ್ನು ವಿರೂಪಗೊಳಿಸುವ ಕೆಲಸಗಳು. ವಿರೂಪಗೊಂಡ ನಾಣ್ಯ ಕಾನೂನಿನ ಪ್ರಕಾರ ಸಲ್ಲುವ ಹಣವಲ್ಲ. ಅಧಿಕಾರವುಳ್ಳವರು ಅದನ್ನು ಕತ್ತರಿಸಬಹುದು. ವಂಚನೆಯಿಂದ ಹಾಗೆ ಮಾಡಿದುದಾದರೆ ನಷ್ಟ ತಂದವನದೇ. ನಾಣ್ಯವನ್ನು ಕರಗಿಸುವುದಂತೂ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಇನ್ನೊಂದು ಕಡೆ, ಚಲಾವಣೆಯಲ್ಲಿರುವ ಎಲ್ಲ ಬೆಲೆಯ ನಾಣ್ಯಗಳನ್ನೂ ಬ್ಯಾಂಕುಗಳು ಠೇವಣಿಗಾಗಲಿ ವಿನಿಮಯಕ್ಕಾಗಲಿ ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಎಣಿಕೆಯ ಯಂತ್ರ ಒಪ್ಪಬೇಕೆಂಬ ಷರತ್ತು ಎಲ್ಲಿಯೂ ಇಲ್ಲ.

ಆದುದರಿಂದ ಆ ಬಟ್ಟಲನ್ನು ಮುಂದಿಟ್ಟುಕೊಂಡು ಮೊದಲು ಮಾಡಬೇಕಾದುದು ತೊಳೆಯುವ ಕೆಲಸ. ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಒರಸಿ, ಚೆನ್ನಾಗಿ ಒಣಗಿಸಿದರೆ ಜಿಡ್ಡಿನಿಂದ ಕೆಟ್ಟಿದ್ದವು ಯಂತ್ರಕ್ಕೆ ಒಪ್ಪಿಗೆಯಾಗಬಹುದು. ಹಿತ್ತಾಳೆಯ ಚೊಂಬನ್ನು ಬೆಳಗುವಂತೆ ಹುಣಿಸೆಹಣ್ಣು ಹಚ್ಚುವುದು ಬೇಡ. ಎರಡು ಲೋಹಗಳ ಬಿಲ್ಲೆಯನ್ನು ಹುಳಿನೀರಿನಲ್ಲಿಟ್ಟರೆ ಅದೊಂದು ಪುಟ್ಟ ವಿದ್ಯುತ್ಕೋಶವೇ ಆಗಿ, ಎರಡು ಲೋಹಗಳಲ್ಲಿ ಒಂದು ಬೇಗ ಕೊರೆದುಹೋಗುತ್ತದೆ. ಸೊಟ್ಟಗಾದುದನ್ನು ಸುತ್ತಿಗೆಯಿಂದ ಬಡಿದು ನೇರಮಾಡುವುದೂ, ಕಳಚಿದ ತಿರುಳನ್ನು ಅಂಟಿನಿಂದ ಕೂಡಿಸುವುದೂ ಬೇಡ. ಅಪಘಾತದಿಂದಾದುದನ್ನು ನಾವೇ ಕೈವಾಡದಂತೆ ಕಾಣಿಸಿಕೊಟ್ಟಂತಾಗುತ್ತದೆ. ಇದ್ದಂತೆಯೇ ಬ್ಯಾಂಕಿಗೆ ಒಯ್ದು ಕೈಯಿಂದ ಎಣಿಸಿಕೊಳ್ಳಲು ಕೇಳಬೇಕು. ನಾಲ್ಕಾಣೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ಬಿಲ್ಲೆಗಳು ಸಿಕ್ಕಿದರೆ ಅವನ್ನು ಬೇರೆಯಿಡಬೇಕು. ಎಷ್ಟೇ ಹೊಳೆಯುತ್ತಿದ್ದರೂ ಅವು 2011ರ ಜೂನ್ 30ರಿಂದ ಸಲ್ಲುವುದಿಲ್ಲ. ಎಂಟಾಣೆ ಈಗಲೂ ಸಲ್ಲುತ್ತದೆ, ಅಂಗಡಿಯವನು ಏನೇ ಹೇಳಲಿ.

ರಾಶಿ ದೊಡ್ಡದಾಗಿದ್ದರೆ ತೂಕದ ದಾರಿಯೂ ಇದೆ. ಒಂದು, ಎರಡು ರೂಪಾಯಿಯ ನಾಣ್ಯಗಳನ್ನು ತೂಗಿಯೇ ಪಡೆಯುವುದು ಲೇಸೆಂದೂ, ನೂರು ನೂರರ ಪೊಟ್ಟಣಗಳಾದರೆ ಅನುಕೂಲವೆಂದೂ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಸಿದೆ. ತಕ್ಕಡಿಗೆ ಬಿಲ್ಲೆಯ ಸೊಟ್ಟು ಕಾಣುವುದಿಲ್ಲ, ಕಪ್ಪೂ ಕಾಣುವುದಿಲ್ಲ. ಆದರೆ ಅದಕ್ಕೂ ಒಂದು ಕುರುಡಿದೆ. 2011ರ ಮಾಲೆಯ ಒಂದು ರೂಪಾಯಿಯ ತೂಕ 3.79 ಗ್ರಾಂ, ನೂರಕ್ಕೆ 379 ಗ್ರಾಂ. ಪ್ರತಿಯೊಂದೂ ನೂರರಲ್ಲೊಂದು ಪಾಲು ಸವೆದಿದ್ದರೆ ಒಟ್ಟು ತೂಕದಲ್ಲಿ 3.79 ಗ್ರಾಂ ಕಡಿಮೆಯಾಗಿ, ಪೂರ್ತಿ ನೂರಿದ್ದರೂ ತೊಂಬತ್ತೊಂಬತ್ತೇ ಇರುವಂತೆ ತೋರುತ್ತದೆ. ಪ್ರತಿಯಾಗಿ, ತೊಂಬತ್ತೊಂಬತ್ತರಲ್ಲಿ ನಾಲ್ಕು ಬಿಲ್ಲೆಗಳು 4.85 ಗ್ರಾಮಿನ ಹಳೆಯ ರೂಪಾಯಿಗಳಾಗಿದ್ದರೆ ಒಂದರ ಕೊರತೆ ಮುಚ್ಚಿಹೋಗುತ್ತದೆ. 2019ರ ಬಳಿಕ ಬಂದ ರೂಪಾಯಿಯಂತೂ ಇನ್ನೂ ಹಗುರ. ಆದುದರಿಂದ ತೂಗುವ ಮೊದಲು ಒಂದೊಂದು ಮಾಲೆಯ ಬಿಲ್ಲೆಗಳನ್ನು ಬೇರೆ ಬೇರೆ ವಿಂಗಡಿಸಲೇಬೇಕು, ಮತ್ತು ಆ ಕೆಲಸಕ್ಕೆ ಕಣ್ಣೂ ಬೆರಳೂ ಬೇಕು.

ಹೀಗೆ ತೊಳೆದು, ವಿಂಗಡಿಸಿ, ಬ್ಯಾಂಕಿಗೆ ಕೊಟ್ಟ ಮೇಲೆ ಬಟ್ಟಲಿನಲ್ಲಿ ಉಳಿಯುವುದು ಕೊರಳಿಗೆ ಕಟ್ಟಿದ್ದ ಆ ತೂತಿನ ರೂಪಾಯಿ. ಅದರ ಅಂಚಿನ ತೂತು ಸವೆತದಿಂದಾದುದೆಂದು ಯಾರೂ ನಂಬಲಾರರು. ಅದನ್ನು ಕೊರೆದವರಿಗೆ ರೂಪಾಯಿಯೊಂದು ಹೋಯಿತೆಂಬ ಚಿಂತೆ ಇದ್ದಂತೆಯೂ ಇಲ್ಲ. ಮಗುವಿನ ಕೊರಳಿಂದ ಬಿಚ್ಚಿದ ಮೇಲೂ ಅದನ್ನು ಹುಂಡಿಗೇ ಹಾಕಿದ್ದಾರೆ.